ಅಳಿಸದೆ ಉಳಿದ ಕೈಗಳು

ಭಾನುವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ದೂರುದಾರರು ಠಾಣೆಯ ಮೆಟ್ಟಿಲು ಹತ್ತಿದಾಗ ದಫೇದಾರ ಪತ್ರಿಕೆಯಲ್ಲಿ ಅವರದೇ ಸಂದರ್ಶನ ಓದುತ್ತಿದ್ದ. ಫೋಟೋದಲ್ಲಿದ್ದ ಬಿಳಿ ಗಡ್ಡ ಕಣ್ಣೆದುರಿಗೇ ಬಂದು ನಿಂತದ್ದನ್ನು ಕಂಡು ದಡಬಡಿಸಿ ಎದ್ದು ಸೆಲ್ಯೂಟ್ ಹೊಡೆದ. ಠಾಣೆಗೆ ಬಂದವರಿಗೆ ಕುರ್ಚಿ ತೋರಿಸುವುದಕ್ಕೂ ಗೊಣಗುವ ಆಸಾಮಿ ಅವನು. ಅವನ ಕೈಯಿಂದ ಸೆಲ್ಯೂಟ್ ಹೊರಟಿತೆಂದರೆ ಬಂದವರು ಸಾಮಾನ್ಯದವರಲ್ಲ ಎಂದು ಒಳಗಿದ್ದ ಇನ್‌ಸ್ಪೆಕ್ಟರಿಗೂ ಗೊತ್ತಾಯಿತು. ಅವಳೇ ಹೊರಗೆ ಬಂದು ಅವರನ್ನು ತನ್ನ ಕೋಣೆಗೆ ಕರೆದುಕೊಂಡು ಹೋದಳು.

ಊರಿಗೇ ದೊಡ್ಡ ಚಿತ್ರಕಾರರು. ಅವತ್ತು ಹನ್ನೊಂದು ಗಂಟೆಗೆ ಸಾರ್ವಜನಿಕ ಸಭಾಂಗಣದಲ್ಲಿ ಒಂದು ಚರ್ಚೆ ಇತ್ತು: ಮುಂದಿನ ಕಾಲದ ಚಿತ್ರ ಮನುಷ್ಯನದೋ, ಕೃತಕ ಬುದ್ಧಿಯ ಯಂತ್ರದ್ದೋ ಎಂದು. ಮನುಷ್ಯನ ಪರ ಮಾತಾಡುವವರು ಇವರು. ಯಂತ್ರದ ಪರ ಮಾತಾಡಬೇಕಾದವಳು ಕಂಪ್ಯೂಟರಿಗೆ ಚಿತ್ರ ಬರೆಯುವುದನ್ನು ಕಲಿಸುವ ಒಬ್ಬ ತರುಣಿ. ಪತ್ರಿಕೆಗಳು ಅವಳಿಗೆ ‘ಯಂತ್ರದ ಹುಡುಗಿ’ ಎಂದು ಹೆಸರಿಟ್ಟಿದ್ದವು. ಈ ಸಭೆಗೆಂದೇ ಚಿತ್ರಕಾರರು ಹೊಸದಾಗಿ ಬರೆದಿದ್ದ ದೊಡ್ಡ ಚಿತ್ರವನ್ನು ಯಾರೋ ಹಾಳು ಮಾಡಿದ್ದರು.

ಕುರ್ಚಿಯಲ್ಲಿ ಕೂರುತ್ತಿದ್ದಂತೆ ಅವರ ಕಣ್ಣು ಮೇಜಿನ ಗಾಜಿನ ಮೇಲೆ ಬಿತ್ತು. ಗಾಜಿನ ಕೆಳಗೆ ಹಳೆಯ ಪಠ್ಯಪುಸ್ತಕದ ಒಂದು ಹಾಳೆ ಇತ್ತು. ಒಬ್ಬ ಹೆಂಗಸು ಸೂಜಿಗೆ ದಾರ ಪೋಣಿಸುತ್ತಿರುವ ಚಿತ್ರ.

“ಇದು ನನ್ನದು,” ಎಂದರು.

“ನಿಮ್ಮದೇ ಸಾರ್. ನಾನು ಅಕ್ಷರ ಕಲಿತಿದ್ದು ಈ ಪುಸ್ತಕದಲ್ಲೇ. ಆ ಬೆರಳುಗಳನ್ನ ನೋಡ್ತಾ ಕೂತು ಪಾಠ ಕೇಳದೆ ಎಷ್ಟು ಸಲ ಕಿವಿ ಹಿಂಡಿಸಿಕೊಂಡಿದ್ದೀನೋ.”

ಅವರು ಆ ಸಂಕಟದ ನಡುವೆಯೂ ನಕ್ಕರು. “ಆ ಕೈ ಬರೆಯೋಕೆ ನನಗೆ ಒಂದು ವಾರ ಹಿಡೀತು.”

ಇನ್‌ಸ್ಪೆಕ್ಟರಿಗೆ ತುಂಬಾ ಖುಷಿಯಾಯಿತು. ಆಮೇಲೆ ಕೆಲಸ ನೆನಪಾಗಿ ಪೆನ್ನು ತೆಗೆದಳು.

“ಮೊದಲು ನೋಡಿದ್ದು ಯಾರು?”

“ನಾನೇ. ಬೆಳಿಗ್ಗೆ ಏಳೂವರೆಗೆ.”

“ಯಾರ ಮೇಲಾದ್ರೂ ಅನುಮಾನ?”

“ಅನುಮಾನ ಏನು ಬಂತು? ಆ ಹುಡುಗಿನೇ. ನಿನ್ನೆ ಸಂಜೆ ಸಭಾಂಗಣದ ಒಳಗೆ ಹೋಗಿದ್ದು ಕ್ಯಾಮೆರಾದಲ್ಲಿದೆ. ನಮ್ಮ ಕೆಲಸ ಎಲ್ಲ ಕದ್ದು ಯಂತ್ರಕ್ಕೆ ತಿನ್ನಿಸಿದ್ದು ಸಾಲದು ಅಂತ ಈಗ ಇದು.”

“ಮನೆಯಲ್ಲಿ ಯಾರ್ಯಾರಿದ್ದೀರಿ?”

“ನಾನು, ನನ್ನ ಅಕ್ಕ. ಇಬ್ಬರೇ.”

“ಅವರೂ ಚಿತ್ರ ಬರೀತಾರಾ?”

“ಅಕ್ಕ? ಇಲ್ಲ ಇಲ್ಲ. ಬಣ್ಣ ಕಲಸಿ ಕೊಡ್ತಾಳೆ, ಕುಂಚ ತೊಳೀತಾಳೆ. ಅಷ್ಟೇ.”

ಎಫ್‌ಐಆರ್ ದಾಖಲಾಯಿತು. ಶಂಕಿತರ ಜಾಗದಲ್ಲಿ ಹುಡುಗಿಯ ಹೆಸರು ಬಂತು. ಚಿತ್ರಕಾರರು ಸಹಿ ಹಾಕಿ, ಹೊರಗೆ ಕಾಯುತ್ತಿದ್ದ ಪತ್ರಿಕೆಯವರ ಕಡೆ ನಡೆದರು.

ಸಭಾಂಗಣದ ವೇದಿಕೆಯ ಮೇಲೆ ಚಿತ್ರ ನಿಂತಿತ್ತು. ಒಂದು ಬಾಗಿಲಿಗಿಂತ ಎತ್ತರ, ಎರಡು ಬಾಗಿಲಷ್ಟು ಅಗಲ. ಚಿತ್ರಕಾರರ ತಂದೆ ನಡೆಸುತ್ತಿದ್ದ ಸಿನಿಮಾ ಬ್ಯಾನರ್ ಬರೆಯುವ ಕಾರ್ಖಾನೆಯ ನೆನಪದು. ನೆಲದ ಮೇಲೆ ಹಾಸಿದ ದೊಡ್ಡ ಬಟ್ಟೆ, ಅದರ ಸುತ್ತ ಬಗ್ಗಿ ಕೆಲಸ ಮಾಡುತ್ತಿರುವ ಐದು ಜನ. ಐವರಿಗೂ ಮುಖವಿರಲಿಲ್ಲ. ಮುಖ ಇರಬೇಕಾದ ಕಡೆ ಬರೀ ಕ್ಯಾನ್ವಾಸು ಕಾಣುತ್ತಿತ್ತು.

ಎದುರಿನ ಅಂಗಡಿಯವನನ್ನೂ ಸಭಾಂಗಣದ ಎಲೆಕ್ಟ್ರಿಷಿಯನ್‌ನನ್ನೂ ಪಂಚರನ್ನಾಗಿ ಕರೆಸಿ ಪಂಚನಾಮೆ ಶುರುವಾಯಿತು. ದಫೇದಾರ ಮೂಗು ಮುಂದೆ ಮಾಡಿ ಚಿತ್ರವನ್ನು ಮೂಸಿದ. “ಬಣ್ಣ ತೆಗೆಯೋ ರಿಮೂವರ್ ಮೇಡಂ. ನಮ್ಮ ಮನೆ ಕಿಟಕಿಗೆ ತಂದಿದ್ದೆ. ಕೆಟ್ಟ ನಾತ.”

ಇನ್‌ಸ್ಪೆಕ್ಟರ್ ಹತ್ತಿರ ಹೋಗಿ ನೋಡಿದಳು. ಮುಖದ ಬಣ್ಣ ಹೋಗಿದ್ದ ಕಡೆ ಅಂಚು ಎಷ್ಟು ನಾಜೂಕಾಗಿತ್ತೆಂದರೆ ಪಕ್ಕದ ಅಂಗಿಯ ಕಾಲರಿಗೆ ಕಲೆ ತಾಗಿರಲಿಲ್ಲ. ಒಂದು ಹನಿಯೂ ಕೆಳಗಿಳಿದಿರಲಿಲ್ಲ.

“ಹೊಟ್ಟೆ ಉರಿದವರು ಚೂರಿ ಹಾಕಿ ಹರೀತಾರೆ ಮೇಡಂ,” ಎಂದು ದಫೇದಾರ ಗೊಣಗಿದ. “ಇದು ನೋಡಿದ್ರೆ ಬೇಯಿಸಿದ ಆಲೂಗಡ್ಡೆ ಸಿಪ್ಪೆ ಸುಲಿದ ಹಾಗಿದೆ. ಕುಂತು, ಪುರುಸೊತ್ತಾಗಿ.”

“ಕೈಗಳನ್ನ ನೋಡಿದ್ರಾ?”

ಅವನು ನೋಡಿದ. ಐದು ಜೊತೆ ಕೈಗಳು ಹಾಗೇ ಇದ್ದವು. ಒಬ್ಬ ಕುಂಚ ಹಿಂಡುತ್ತಿದ್ದ, ಇನ್ನೊಬ್ಬ ದಾರ ಎಳೆದು ಗೆರೆ ಹಾಕುತ್ತಿದ್ದ. ಒಬ್ಬಳು ಹುಡುಗಿ ಬಣ್ಣದ ಡಬ್ಬಿಯನ್ನು ಅಂಗೈಯಲ್ಲಿ ಹೊತ್ತಿದ್ದಳು. ಮುಖವಿಲ್ಲದಿದ್ದರೂ ಆ ಕೈಗಳಿಂದಲೇ ಯಾರಿಗೆ ದಣಿವಾಗಿದೆ, ಯಾರು ಹೊಸಬರು ಎಂದು ಹೇಳಬಹುದಿತ್ತು. ಎಲ್ಲ ಅಳಿಸುವಷ್ಟು ಪುರುಸೊತ್ತಿದ್ದವರು ಇವನ್ನು ಯಾಕೆ ಬಿಟ್ಟರು ಎಂಬ ಪ್ರಶ್ನೆ ಇನ್‌ಸ್ಪೆಕ್ಟರ್ ತಲೆಯಲ್ಲಿ ಕೂತಿತು. ಪಂಚನಾಮೆಯಲ್ಲಿ ಅದನ್ನೂ ಬರೆಸಿದಳು.

ಕಾವಲುಗಾರನನ್ನು ಕರೆದರು.

“ಆ ಹುಡುಗಿ ಎಷ್ಟೊತ್ತಿಗೆ ಬಂದಳು?”

“ಐದೂವರೆಗೆ. ಯಂತ್ರದ ಚಿತ್ರ ತೋರಿಸೋ ಪರದೆ ಸರಿಯಾಗಿದ್ಯಾ ಅಂತ ನೋಡೋಕೆ. ಆರು ಕಾಲಿಗೆ ಹೋದ್ರು.”

“ಆಮೇಲೆ?”

“ಮುಂದಿನ ಬಾಗಿಲು ಹಾಕಿದೆ.”

“ಆಮೇಲೆ ಯಾರಾದ್ರೂ ಬಂದ್ರಾ?”

“ಯಾರೂ ಇಲ್ಲ ಮೇಡಂ.”

ಹೊರಗೆ ಮೈಕು ಗುಡುಗತೊಡಗಿತು. ಚರ್ಚೆ ರದ್ದಾಗಿದ್ದರೂ ಬಂದ ಜನ ಹೋಗಿರಲಿಲ್ಲ. ಚಿತ್ರಕಾರರು ಮೆಟ್ಟಿಲ ಮೇಲೆ ನಿಂತೇ ಮಾತಾಡುತ್ತಿದ್ದರು: “ನನ್ನ ಚಿತ್ರದಲ್ಲಿ ನನ್ನದಲ್ಲದ ಒಂದು ಗೆರೆಯೂ ಇಲ್ಲ. ಹಾಗಂತ ಹೇಳೋಕೆ ಯಂತ್ರಕ್ಕೆ ಬಾಯಿದೆಯಾ? ಅದು ಕದ್ದ ಮಾಲು. ಕಲಾವಿದನನ್ನ ಕೇಳದೆ ಅವನ ಕೈ ಕತ್ತರಿಸಿಕೊಂಡು ಹೋದ ಹಾಗೆ.” ಚಪ್ಪಾಳೆ ಬಿತ್ತು. ಇನ್‌ಸ್ಪೆಕ್ಟರಿಗೂ ಎದೆ ತುಂಬಿ ಬಂತು. ಅಷ್ಟರಲ್ಲಿ ಮೇಲಧಿಕಾರಿಯ ಫೋನು ಬಂತು. ಸಂಜೆಯೊಳಗೆ ಆ ಹುಡುಗಿಯನ್ನು ಬಂಧಿಸಿ, ಊರೆಲ್ಲ ನಮ್ಮ ಠಾಣೆಯನ್ನೇ ನೋಡುತ್ತಿದೆ ಎಂದರು.

ಹುಡುಗಿಯ ಮನೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆ. ಎರಡು ಕಂಪ್ಯೂಟರ್, ಅವುಗಳಿಗೆ ಗಾಳಿ ಹೊಡೆಯುವ ಫ್ಯಾನು. ಹುಡುಗಿಗೆ ಫ್ಯಾನಿರಲಿಲ್ಲ. ಬಾಗಿಲಲ್ಲಿ ಖಾಕಿ ಕಂಡೊಡನೆ ಎದ್ದು ನಿಂತಳು. ವಿಷಯ ಆಗಲೇ ಗೊತ್ತಾಗಿತ್ತು. ಅವಳು ಕೆಲಸ ಮಾಡುತ್ತಿದ್ದ ಕಚೇರಿಯವರು ನಾಳೆಯಿಂದ ಬರಬೇಡ ಎಂದು ಫೋನು ಮಾಡಿದ್ದರಂತೆ.

“ಚಿತ್ರ ಹಾಳು ಮಾಡಿದ್ದು ನೀವಾ?”

“ಅಲ್ಲ.”

“ಯಾರು?”

“ಗೊತ್ತಿಲ್ಲ.”

“ಒಣಗಿದ ಬಣ್ಣ ತೆಗೆಯೋಕೆ ಏನು ಹಾಕ್ತಾರೆ?”

ಹುಡುಗಿ ಯೋಚಿಸಿದಳು. “ಬಿಸಿನೀರಾ?”

ದಫೇದಾರ ಮುಖ ತಿರುಗಿಸಿ ಕೆಮ್ಮಿದ. ಇನ್‌ಸ್ಪೆಕ್ಟರ್ ಅವಳ ಬೆರಳುಗಳನ್ನು ನೋಡಿದಳು. ನುಣುಪಾಗಿದ್ದವು; ರಿಮೂವರ್ ತಾಗಿದ ಚರ್ಮ ಹೀಗಿರುವುದಿಲ್ಲ.

“ನೋಡಮ್ಮ, ನನಗೆ ಒಂದು ವಿಷಯ ತಲೆಗೆ ಹೋಗ್ತಿಲ್ಲ. ಐದು ಮುಖ ಅಳಿಸಿದ್ದಾರೆ. ಕೈ ಒಂದನ್ನೂ ಮುಟ್ಟಿಲ್ಲ.”

ಹುಡುಗಿಯ ಮುಖ ಬಿಳಚಿಕೊಂಡಿತು. “ಕೈ ಹಾಗೇ ಇದ್ಯಾ?”

“ಎಲ್ಲವೂ.”

ಅವಳು ನಿಧಾನವಾಗಿ ಹಾಸಿಗೆಯ ತುದಿಯಲ್ಲಿ ಕೂತಳು. “ನನ್ನನ್ನೇ ಕರ್ಕೊಂಡು ಹೋಗಿ ಮೇಡಂ. ನಾನೇ ಮಾಡಿದ್ದು ಅಂತ ಬರ್ಕೊಳ್ಳಿ.”

“ಬಿಸಿನೀರು ಹಾಕಿಯಾ?”

ಇನ್‌ಸ್ಪೆಕ್ಟರ್ ಕುರ್ಚಿ ಎಳೆದುಕೊಂಡು ಅವಳೆದುರು ಕೂತಳು. ಸುಳ್ಳು ಹೇಳುವವರ ಬಾಯಿ ಬಿಡಿಸುವ ದಾರಿ ಅವಳಿಗೆ ಬೇಕಾದಷ್ಟು ಗೊತ್ತಿತ್ತು. ಬೇರೆಯವರಿಗಾಗಿ ಸುಳ್ಳು ಹೇಳುವವರ ಎದುರು ಕಾಯುವುದೊಂದೇ ದಾರಿ. ಕಾದಳು. ಕೊನೆಗೆ ಹುಡುಗಿ ತನ್ನ ಫೋನು ತೆಗೆದು ಒಂದು ಧ್ವನಿ ಸಂದೇಶ ಹಾಕಿದಳು.

“ಚಿತ್ರಗಳೆಲ್ಲ ಕಳಿಸಿದ್ದೀನಿ,” ಎನ್ನುತ್ತಿತ್ತು ಧ್ವನಿ. “ಮುಖ ನಾನು ಬರ್ಕೋತೀನಿ. ಕೈ, ಬಟ್ಟೆ, ಹಿಂದಿನದ್ದೆಲ್ಲ ಯಂತ್ರಕ್ಕೆ ಕಲಿಸಿಕೊಡಮ್ಮ. ಅದನ್ನ ಮಾಡ್ತಿದ್ದೋರಿಗೆ ವಯಸ್ಸಾಯ್ತು, ಕಣ್ಣು ಮಂಜು. ಇನ್ನು ಎಷ್ಟು ದಿನ ಅಂತ ಕಾಯೋದು? ಈ ವಿಷಯ ನಮ್ಮಿಬ್ಬರಲ್ಲೇ ಇರಲಿ.”

ಬೆಳಿಗ್ಗೆ ಮೈಕಿನಲ್ಲಿ ಗುಡುಗಿದ ಧ್ವನಿಯೇ. ಇನ್‌ಸ್ಪೆಕ್ಟರ್ ಇನ್ನೊಮ್ಮೆ ಹಾಕಿಸಿ ಕೇಳಿದಳು. ಅಲ್ಲಿಂದ ಮುಂದೆ ಅವಳ ಮನಸ್ಸಿನಲ್ಲಿ ಆ ಮನುಷ್ಯನಿಗೆ ಬಹುವಚನ ಉಳಿಯಲಿಲ್ಲ.

“ಇದನ್ನ ಮೊದಲೇ ಯಾಕೆ ತೋರಿಸಲಿಲ್ಲ? ನಿಮ್ಮನ್ನ ಊರಿಗೆಲ್ಲ ಕಳ್ಳಿ ಅಂತ ಸಾರ್ತಿದ್ದಾನೆ.”

“ಅದನ್ನೇ ಕೇಳೋಕೆ ನಿನ್ನೆ ಮಧ್ಯಾಹ್ನ ಅವರ ಮನೆಗೆ ಹೋಗಿದ್ದೆ. ವೇದಿಕೆ ಮೇಲೆ ಕದ್ದ ಮಾಲು ಅನ್ನೋ ಮಾತು ಬೇಡ, ಕೊಟ್ಟೋರು ನೀವೇ ತಾನೆ ಅಂತ. ಅವರಿರಲಿಲ್ಲ. ಅಕ್ಕ ಇದ್ರು. ಅವರಿಗೆ ಎಲ್ಲ ಗೊತ್ತಿದೆ ಅಂದ್ಕೊಂಡು ಲ್ಯಾಪ್‌ಟಾಪ್ ತೆಗೆದು ತೋರಿಸಿಬಿಟ್ಟೆ. ಯಂತ್ರ ಬರೆದ ಕೈಗಳನ್ನ.”

“ಏನಂದ್ರು?”

“ತುಂಬಾ ಹೊತ್ತು ನೋಡಿದ್ರು. ಇದನ್ನ ನಾನು ಬರೆದಿಲ್ಲ, ಆದ್ರೆ ಇದು ನನ್ನ ಕೈ ಅಂದ್ರು. ಆಗಲೇ ನನಗೂ ಗೊತ್ತಾಗಿದ್ದು. ಅಲ್ಲಿವರೆಗೆ ಯಾರೋ ಸಹಾಯಕರು ಇರ್ಬೇಕು ಅಂದ್ಕೊಂಡಿದ್ದೆ.” ಹುಡುಗಿ ಮೂಗು ಒರೆಸಿಕೊಂಡಳು. “ನಾನು ಬಾಯಿ ಬಿಟ್ಟಿದ್ದಕ್ಕೇ ಇಷ್ಟೆಲ್ಲ ಆಗಿದ್ದು ಮೇಡಂ. ಇನ್ನೊಂದು ಸಲ ಬಿಡೋಕೆ ಮನಸ್ಸು ಬರಲಿಲ್ಲ.”

“ಕೈ ಬರೆದವರು ಯಾರು, ಅವರು ಒಪ್ಪಿದ್ದಾರಾ ಅಂತ ನೀವೂ ಕೇಳಲಿಲ್ಲ.”

“ಕೇಳಲಿಲ್ಲ,” ಎಂದಳು ಹುಡುಗಿ.

ಸಭಾಂಗಣಕ್ಕೆ ವಾಪಸ್ ಬಂದಾಗ ಕಾವಲುಗಾರ ಊಟದ ಡಬ್ಬಿ ತೊಳೆಯುತ್ತಿದ್ದ.

“ಬಾಗಿಲು ಹಾಕಿದ ಮೇಲೆ ಯಾರೂ ಬಂದಿಲ್ಲ ಅಂದ್ರಲ್ಲ. ಚಿತ್ರಕಾರರ ಅಕ್ಕ?”

“ಓ, ಅವರು ಬಂದಿದ್ರಲ್ಲ. ನಾನೇ ಪಕ್ಕದ ಬಾಗಿಲು ತೆಗೆದೆ, ಅಲ್ಲಿ ಕ್ಯಾಮೆರಾ ಇಲ್ಲ. ಎಲ್ಲ ಪ್ರದರ್ಶನಕ್ಕೂ ಹಿಂದಿನ ಸಂಜೆ ಬಂದು ಚಿತ್ರದ ಧೂಳು ಒರೆಸಿ ಹೋಗ್ತಾರೆ. ಪಾಪ, ಅವರು ಏನು...” ಎಂದವನು ಇನ್‌ಸ್ಪೆಕ್ಟರ್ ಮುಖ ನೋಡಿ ನಿಲ್ಲಿಸಿದ.

“ಬೆಳಿಗ್ಗೆ ಯಾಕೆ ಹೇಳಲಿಲ್ಲ?”

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಅವರನ್ನ ಲೆಕ್ಕಕ್ಕೆ ತಗೋಬೇಕು ಅಂತ ಹೊಳೆಯಲೇ ಇಲ್ಲ ಮೇಡಂ.”

ದಫೇದಾರ ಈ ಸಲ ಗೊಣಗದೆ ಹೇಳಿಕೆ ಬರೆದುಕೊಂಡ. ಮಹಿಳಾ ಪೇದೆಯನ್ನೂ ಬೆಳಗಿನ ಪಂಚರನ್ನೂ ಜೀಪಿಗೆ ಹತ್ತಿಸಿಕೊಂಡು ಚಿತ್ರಕಾರನ ಮನೆ ಮುಟ್ಟುವಾಗ ನಾಲ್ಕು ಗಂಟೆ.

ಮನೆಯ ಹಿಂಭಾಗದ ದೊಡ್ಡ ಕೋಣೆಯೇ ಕೆಲಸದ ಜಾಗ. ಚಿತ್ರ ನಿಲ್ಲಿಸುವ ಚೌಕಟ್ಟಿನ ಎದುರು ಎರಡು ಸ್ಟೂಲುಗಳಿದ್ದವು, ಒಂದು ಎತ್ತರದ್ದು, ಒಂದು ಗಿಡ್ಡದ್ದು. ಎರಡಕ್ಕೂ ವರ್ಷಗಟ್ಟಲೆಯ ಬಣ್ಣ ಮೆತ್ತಿತ್ತು. ಎತ್ತರದ್ದರ ಮೇಲೆ ಕೂತರೆ ಚಿತ್ರದ ಮುಖಗಳು ಕಣ್ಣಿಗೆ ಸರಿಯಾಗಿ ಬರುತ್ತವೆ, ಗಿಡ್ಡದ್ದರ ಮೇಲೆ ಕೂತರೆ ಕೈಗಳು ಬರುತ್ತವೆ. ಬಣ್ಣ ಕಲಸಿ ಕೊಡುವವರಿಗೆ ಚಿತ್ರದ ಎದುರು ಸ್ಟೂಲು ಯಾಕೆ ಬೇಕು ಎಂದು ಯಾರಿಗಾದರೂ ತೋಚಬಹುದಿತ್ತು. ಆದರೆ ಈ ಕೋಣೆಗೆ ಬಂದು ಹೋದ ದೊಡ್ಡವರಲ್ಲಿ ಯಾರೂ ಗಿಡ್ಡ ಸ್ಟೂಲನ್ನು ನೋಡಿರಲಿಲ್ಲ.

ಅಕ್ಕ ಕಿಟಕಿಯ ಹತ್ತಿರ ಕೂತು ಕುಂಚ ತೊಳೆಯುತ್ತಿದ್ದರು. ಎಪ್ಪತ್ತರ ಆಸುಪಾಸು, ದಪ್ಪ ಕನ್ನಡಕ. ಬೆರಳ ತುದಿಗಳು ಕೆಂಪಾಗಿ ಸುಲಿದಿದ್ದವು. ಫೋನಿನಲ್ಲಿ ಯಾರದೋ ಅಭಿನಂದನೆ ಸ್ವೀಕರಿಸುತ್ತಿದ್ದ ತಮ್ಮ ಜೀಪಿನ ಸದ್ದಿಗೆ ಒಳಗೆ ಬಂದ.

“ಸಿಕ್ಕಿದಳಾ?” ಎಂದು ಕೇಳಿದ.

ಇನ್‌ಸ್ಪೆಕ್ಟರ್ ಅವನಿಗೆ ಉತ್ತರ ಕೊಡಲಿಲ್ಲ. “ಅಮ್ಮ, ನಿನ್ನೆ ಸಂಜೆ ಸಭಾಂಗಣಕ್ಕೆ ಹೋಗಿದ್ರಾ?”

“ಹೋಗಿದ್ದೆ.”

“ಚಿತ್ರ ಹಾಳು ಮಾಡಿದ್ದು ಯಾರು?”

ಅಕ್ಕ ಕುಂಚವನ್ನು ಬಟ್ಟೆಯಲ್ಲಿ ಒರೆಸಿ, ಅದರ ಕೂದಲು ನೇರ ಮಾಡಿ ಪಕ್ಕಕ್ಕಿಟ್ಟರು. “ಹಾಳು ಮಾಡಲಿಲ್ಲ. ಅವನ ಪಾಲು ತೆಗೆದೆ. ನನ್ನ ಪಾಲು ಹಾಗೇ ಇದೆ.”

“ಅಕ್ಕ,” ಎಂದ ತಮ್ಮ.

“ನಿನಗೆ ನೋಡಿದ ಕೂಡಲೇ ಗೊತ್ತಾಗಿತ್ತು,” ಎಂದರು ಅಕ್ಕ. “ಕೈ ಉಳಿದಿದ್ದು ನೋಡಿದ ಮೇಲೂ ಆ ಮಗುವಿನ ಹೆಸರು ಬರೆಸಿ ಬಂದೆ.”

ಅವನು ಕುರ್ಚಿಯ ಬೆನ್ನು ಹಿಡಿದುಕೊಂಡ.

ಇನ್‌ಸ್ಪೆಕ್ಟರ್ ಗಿಡ್ಡ ಸ್ಟೂಲಿನ ಮೇಲೆ ಕೂತಳು. “ಇಷ್ಟು ವರ್ಷ ನೀವು ಯಾಕೆ ಸುಮ್ಮನಿದ್ರಿ?”

“ಸುಮ್ಮನಿರೋದೇನು ಬಂತು, ಅದು ನಮ್ಮ ಕೆಲಸದ ರೀತಿ. ಅಪ್ಪನ ಕಾರ್ಖಾನೆಯಲ್ಲಿ ಮುಖ ಬರೆಯೋನೇ ಮೇಸ್ತ್ರಿ. ಉಳಿದೋರು ಬಟ್ಟೆ ಬರೀತಿದ್ರು, ಅಕ್ಷರ ಬರೀತಿದ್ರು, ನಾನು ಕೈ ಬರೀತಿದ್ದೆ. ಹೆಸರು ಮೇಸ್ತ್ರಿದು. ಅದರಲ್ಲಿ ಯಾರಿಗೂ ಬೇಜಾರಿರಲಿಲ್ಲ, ಯಾಕಂದ್ರೆ ಯಾರು ಏನು ಬರೆದ್ರು ಅಂತ ನಮ್ಮ ನಮ್ಮಲ್ಲಿ ಗೊತ್ತಿತ್ತಲ್ಲ. ಇವನಿಗೂ ಗೊತ್ತಿದೆ, ಅಷ್ಟು ಸಾಕು ಅಂತಿದ್ದೆ. ಕುಂಚ ಹಿಡಿಯೋದನ್ನ ಇವನಿಗೆ ಕಲಿಸಿದ್ದೇ ನಾನು.”

“ಮತ್ತೆ ನಿನ್ನೆ?”

“ನಿನ್ನೆ ಆ ಮಗು ಹೋದ ಮೇಲೆ ಇವನು ಬಂದ. ಯಂತ್ರದೋರ ಹತ್ರ ಏನಾದ್ರೂ ಹೋಗಿದ್ಯಾ ಅಂತ ಕೇಳಿದೆ. ಹೌದು ಅಕ್ಕ, ನಿನಗೆ ಕೈಲಾಗಲ್ಲ ಅಂತ ಹೋಗಿದ್ದೆ ಅಂದಿದ್ರೆ ನುಂಗಿಕೊಳ್ತಿದ್ದೆ. ನನ್ನ ಕಣ್ಣು ಮಂಜಾಗಿರೋದು ಸುಳ್ಳಲ್ಲವಲ್ಲ. ನನ್ನ ಮುಖ ನೋಡ್ಕೊಂಡೇ ಇಲ್ಲ ಅಂದ.” ಅಕ್ಕನ ಧ್ವನಿ ಮೊದಲ ಸಲ ಕದಲಿತು. “ಆಮೇಲೆ ಭಾಷಣ ತೆಗೆದ. ಯಾವಾಗಲೂ ನನ್ನೆದುರೇ ಓದಿ ನೋಡ್ತಾನೆ. ನನ್ನ ಚಿತ್ರದಲ್ಲಿ ನನ್ನದಲ್ಲದ ಒಂದು ಗೆರೆಯೂ ಇಲ್ಲ ಅಂತ ಓದಿ, ಅಲ್ಲಿ ಸ್ವಲ್ಪ ನಿಲ್ಲಿಸಲಾ ಅಕ್ಕ, ಚಪ್ಪಾಳೆ ಬರುತ್ತಾ ಅಂತ ನನ್ನನ್ನೇ ಕೇಳಿದ.”

“ನೀವು ಏನಂದ್ರಿ?”

“ನಿಲ್ಲಿಸು ಅಂದೆ. ಕಲಿಸಿದ ಬಾಯಿ, ಹೇಳಿಬಿಡ್ತು. ಆಮೇಲೆ ಎದ್ದು ರಿಮೂವರ್ ಡಬ್ಬಿ ಚೀಲಕ್ಕೆ ಹಾಕ್ಕೊಂಡೆ.”

ಇನ್‌ಸ್ಪೆಕ್ಟರ್ ಕೇಳಬಾರದೆಂದುಕೊಂಡರೂ ಕೇಳಿಯೇಬಿಟ್ಟಳು: “ಶಾಲೆ ಪುಸ್ತಕದಲ್ಲಿ ಸೂಜಿಗೆ ದಾರ ಹಾಕೋ ಹೆಂಗಸು. ಆ ಕೈ?”

“ಅದಾ? ನಮ್ಮಮ್ಮನ ಕೈ ಅದು,” ಎಂದರು ಅಕ್ಕ. “ಒಂದೇ ಸಂಜೆಯಲ್ಲಿ ಬರೆದೆ. ಬೆಳಕು ಹೋಗೋದ್ರೊಳಗೆ ಮುಗೀತು.”

ಇನ್‌ಸ್ಪೆಕ್ಟರ್ ತಮ್ಮನ ಕಡೆ ನೋಡಿದಳು. ಅವನು ಎಲ್ಲೂ ನೋಡದೆ ನಿಂತಿದ್ದ. ಬೆಳಿಗ್ಗೆ ತನ್ನ ಮೇಜಿನ ಎದುರು ನಗುತ್ತಾ ಒಂದು ವಾರ ಎಂದವನು ಇವನೇ. ಅಷ್ಟು ಸಣ್ಣ ಸುಳ್ಳು ಅವನಿಗೆ ಬೇಕೇ ಇರಲಿಲ್ಲ, ಆದರೂ ಹೇಳಿದ್ದ. ತಾನು ಮಗುವಾಗಿದ್ದಾಗಿನಿಂದ ಗೌರವವನ್ನೆಲ್ಲ ತಪ್ಪು ವಿಳಾಸಕ್ಕೆ ಕಳಿಸುತ್ತಾ ಬಂದಿದ್ದೆ ಎನಿಸಿ ಅವಳಿಗೆ ಅವಮಾನವಾಯಿತು. ಸಿಟ್ಟೂ ಬಂತು. ಆದರೆ ಖಾಕಿ ತೊಟ್ಟವಳ ಸಿಟ್ಟಿಗೆ ಕಾನೂನಿನ ಯಾವ ಕಲಮಿನಲ್ಲೂ ಜಾಗವಿಲ್ಲ.

ರಿಮೂವರ್ ಡಬ್ಬಿ, ಚಿಂದಿ ಬಟ್ಟೆ, ಸಣ್ಣ ಅಲಗು ಪಂಚರ ಸಮಕ್ಷಮ ವಶವಾದವು. ಮಹಿಳಾ ಪೇದೆ ಅಕ್ಕನ ಹತ್ತಿರ ಹೋದಾಗ ತಮ್ಮನಿಗೆ ಮಾತು ಬಂತು.

“ದೂರು ವಾಪಸ್ ತಗೋತೀನಿ ಮೇಡಂ. ಇದು ಮನೆ ವಿಷಯ.”

“ಬೆಳಿಗ್ಗೆ ಮನೆ ವಿಷಯ ಆಗಿರಲಿಲ್ಲ,” ಎಂದರು ಅಕ್ಕ. “ಆ ಮಗುವಿನ ಹೆಸರು ತೆಗೀಬೇಕು ಅಂದ್ರೆ ಅಲ್ಲಿ ನನ್ನ ಹೆಸರು ಬರಬೇಕು. ನಡೀರಿ.” ಚಪ್ಪಲಿ ಮೆಟ್ಟಿಕೊಂಡು, ತಮ್ಮನನ್ನು ದಾಟುವಾಗ ಒಂದು ಕ್ಷಣ ನಿಂತರು. “ಒಲೆ ಮೇಲೆ ಹಾಲಿದೆ. ಉರಿ ಆರಿಸು.” ಅವನು ಒಲೆಯ ಕಡೆ ಹೋಗಲಿಲ್ಲ, ಅಕ್ಕನ ಹಿಂದೆಯೂ ಬರಲಿಲ್ಲ.

ಠಾಣೆಯಲ್ಲಿ ಹೇಳಿಕೆ ದಾಖಲಾಯಿತು. ಶಂಕಿತರ ಜಾಗದಿಂದ ಹುಡುಗಿಯನ್ನು ಕೈಬಿಟ್ಟು ವರದಿ ಬರೆದದ್ದಾಯಿತು. ಮೇಲಧಿಕಾರಿಗೆ ಫೋನು ಮಾಡಿದಾಗ ಅವರು ಪತ್ರಿಕೆಯವರಿಗೆ ಇವತ್ತೇ ಹೇಳಬೇಡಿ ಎಂದರು. ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧವದು, ಆದರೆ ಯಾರಾದರೂ ಬಂದು ಹೊಣೆ ಹೊರಬೇಕಿತ್ತು. ದಫೇದಾರ ಎರಡು ಸಲ ಗೇಟಿನವರೆಗೆ ಹೋಗಿ ಬಂದ. ತಮ್ಮನ ಸುಳಿವಿರಲಿಲ್ಲ. ಕತ್ತಲಾಗುವ ಮೊದಲು ಬಂದವಳು ಯಂತ್ರದ ಹುಡುಗಿ. ಜಾಮೀನು ಪತ್ರಕ್ಕೆ ಸಹಿ ಹಾಕಿ ಅಕ್ಕನ ಪಕ್ಕದ ಬೆಂಚಿನಲ್ಲಿ ಕೂತಳು.

“ಅದನ್ನ ಅಳಿಸಬಹುದಾ?” ಎಂದು ಅಕ್ಕ ಕೇಳಿದರು. “ನಿನ್ನ ಯಂತ್ರ ಕಲಿತಿದ್ದನ್ನ?”

“ನನ್ನ ಹತ್ರ ಇರೋದನ್ನ ಅಳಿಸಿದೆ ಅಮ್ಮ. ಆದ್ರೆ ಹೋದ ವಾರವೇ ನಿಮ್ಮ ತಮ್ಮನಿಗೆ ಒಂದು ಪ್ರತಿ ಕೊಟ್ಟುಬಿಟ್ಟಿದ್ದೀನಿ.”

ಅಕ್ಕ ತಲೆಯಾಡಿಸಿದರು. “ಹಾಗಾದ್ರೆ ಅವನಿಗೆ ಇನ್ನು ನಾನು ಬೇಕಾಗಲ್ಲ.”

ಇನ್‌ಸ್ಪೆಕ್ಟರ್ ಕೇಸ್ ಡೈರಿಯಲ್ಲಿ ಅಪರಾಧದ ಉದ್ದೇಶ ಬರೆಯಲು ಕೂತಿದ್ದಳು. ಮೊದಲು ‘ವೈಯಕ್ತಿಕ ದ್ವೇಷ’ ಎಂದು ಬರೆದಳು. ಅದನ್ನು ಹೊಡೆದು ಹಾಕಿ, ‘ಆರೋಪಿಯ ಕೆಲಸವನ್ನು ಆಕೆಯ ಒಪ್ಪಿಗೆಯಿಲ್ಲದೆ ಪರರಿಗೆ ಕೊಟ್ಟು, ಕೇಳಿದಾಗ ಇಲ್ಲವೆಂದು ಸುಳ್ಳು ಹೇಳಿದ್ದರಿಂದ’ ಎಂದು ಬರೆದಳು. ಕೊಟ್ಟವರು ಯಾರೆಂಬುದನ್ನೂ ಬರೆದಳು. ಆಮೇಲೆ ಗಾಜಿನ ಕೆಳಗಿನ ಹಾಳೆಯನ್ನು ಹೊರತೆಗೆದು, ಅದರ ಮೂಲೆಯಲ್ಲಿ ಅಚ್ಚಾಗಿದ್ದ ಚಿತ್ರಕಾರನ ಹೆಸರಿನ ಮೇಲೆ ಒಂದು ಗೆರೆ ಎಳೆದಳು.

ಕೊನೆಯದಾಗಿ ಬೆರಳಚ್ಚು ಉಳಿದಿತ್ತು. ಮಹಿಳಾ ಪೇದೆ ಅಕ್ಕನ ಬೆರಳುಗಳನ್ನು ಒಂದೊಂದಾಗಿ ಮಸಿಯ ಮೇಲೆ ಹೊರಳಿಸಿ ಹಾಳೆಗೆ ಒತ್ತಿದಳು. ಅಕ್ಕ ಕನ್ನಡಕವನ್ನು ಹಣೆಗೇರಿಸಿ, ಹಾಳೆಯನ್ನು ಮೂಗಿನ ಹತ್ತಿರ ತಂದು ಪರೀಕ್ಷಿಸಿದರು.

“ಹೆಬ್ಬೆರಳು ಅಲುಗಿಬಿಟ್ಟಿದೆ,” ಎಂದರು. “ಇನ್ನೊಂದು ಹಾಳೆ ಕೊಡಿ, ಸರಿಯಾಗಿ ತೆಗೆಯೋಣ.”

ದಫೇದಾರ ಎದ್ದು ಹೊಸ ಹಾಳೆ ತಂದುಕೊಟ್ಟ. ಈ ಸಲ ಹತ್ತೂ ಬೆರಳು ಚೊಕ್ಕವಾಗಿ ಮೂಡಿದವು. ಪೇದೆ ಅವುಗಳ ಕೆಳಗೆ ಅಕ್ಕನ ಹೆಸರನ್ನು ಪೂರ್ತಿಯಾಗಿ ಬರೆದಳು. ಅಕ್ಕ ಅದನ್ನು ಎರಡು ಸಲ ಓದಿ, ಮಸಿ ಒಣಗುವವರೆಗೆ ಹಾಳೆಯನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.